ನಿಂತ ಎಂಜಿನ್ನಿನ ಆರೈಕೆ

ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಗೋವೆ ಮತ್ತು ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಮೀನು ಹಿಡಿಯಲು ಕಡಲಿಗೆ ಇಳಿಯುವಂತಿಲ್ಲ. ಮೀನಿನ ಸಂತತಿ ಬೆಳೆಯಲಿ, ಮುಂಗಾರಿನ ಗಾಳಿಗೆ ಸಿಕ್ಕಿ ಜೀವಹಾನಿ ಆಗದಿರಲಿ ಎಂಬುದು ಈ ನಿರ್ಬಂಧದ ಉದ್ದೇಶ. ಸಾಳ್ ನದಿಯು ಕಡಲನ್ನು ಸೇರುವೆಡೆಯ ಕುಟ್ಬಣ್ ಮತ್ತು ಬೆತೂಲ್ ಧಕ್ಕೆಗಳಲ್ಲಿ, ವಾಸ್ಕೋದ ಖಾರಿವಾಡೆಯಲ್ಲಿ, ಪಣಜಿಯ ಎದುರು ದಡದ ಮಾಲಿಮ್‌ನಲ್ಲಿ ಟ್ರಾಲರ್‌ಗಳು ಒಂದಕ್ಕೊಂದು ಮೈತಾಗಿಸಿ ನಿಲ್ಲುತ್ತವೆ. ಪ್ರವಾಸಿಗರನ್ನು ಹೊತ್ತು ಓಡುತ್ತಿದ್ದ ವೇಗದ ದೋಣಿಗಳು ಸಹ ಮಳೆಗಾಲದಲ್ಲಿ ದಡ ಸೇರುತ್ತವೆ.

ಮಡಗಾಂವಿನ ಮೋತಿ ಡೊಂಗರ್ ಗುಡ್ಡದ ಮೇಲಿನ ಕನ್ನಡ ಮನೆಗಳಿಗೆ ಕಡಲು ಕಾಣುವಷ್ಟು ಹತ್ತಿರವಲ್ಲ. ಆದರೆ ದಿನಗೂಲಿಯ ಲೆಕ್ಕದಲ್ಲಿ ಅದು ದೂರವೂ ಅಲ್ಲ. ಗ್ಯಾರೇಜಿನಲ್ಲಿಯೋ ಧಕ್ಕೆಯಲ್ಲಿಯೋ ಸ್ಪ್ಯಾನರ್ ಹಿಡಿದು ದುಡಿಯುವವರಿಗೆ ಈ ಎರಡು ತಿಂಗಳು ಬಿಡುವಿನ ಕಾಲವಲ್ಲ, ಕೆಲಸದ ಕಾಲ. ಬಯಲುಸೀಮೆಯಿಂದ ಬಂದ ಹಿರಿಯರಿಗೆ ಈ ಅವಧಿಯನ್ನು ತಿಳಿಯಲು ಬೇರೊಂದು ಪಂಚಾಂಗವಿದೆ. ಜ್ಯೇಷ್ಠದ ಕಾರ ಹುಣ್ಣಿಮೆಯಂದು ಊರಿನಲ್ಲಿ ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಮೆರೆಸುತ್ತಾರೆ. ಶ್ರಾವಣದ ನೂಲ ಹುಣ್ಣಿಮೆಯನ್ನೇ ಕರಾವಳಿಯವರು ನಾರಳಿ ಪೂರ್ಣಿಮೆಯೆಂದು ಕರೆದು, ಕಡಲಿಗೆ ತೆಂಗಿನಕಾಯಿ ಅರ್ಪಿಸುತ್ತಾರೆ. ಸುಮಾರಾಗಿ ಈ ಎರಡು ಹುಣ್ಣಿಮೆಗಳ ನಡುವಿನ ಕಾಲವೇ ದೋಣಿಯ ಎಂಜಿನ್ನಿನ ವಿಶ್ರಾಂತಿಯ ಕಾಲ. ದುಡಿದ ಜೀವಕ್ಕೆ ವಿಶ್ರಾಂತಿಯ ಮೊದಲು ಆರೈಕೆ ಸಲ್ಲಬೇಕೆಂಬ ಒಕ್ಕಲುತನದ ವಿವೇಕವು ಯಂತ್ರಕ್ಕೂ ಅನ್ವಯಿಸುತ್ತದೆ.

ಎಂಜಿನ್ ಓಡಿದಷ್ಟೂ ಸವೆಯುತ್ತದೆ, ನಿಂತರೆ ಉಳಿಯುತ್ತದೆ ಎಂಬುದು ಸಾಮಾನ್ಯ ನಂಬಿಕೆ. ದೋಣಿಯ ಎಂಜಿನ್ನಿನ ವಿಷಯದಲ್ಲಿ ಇದು ಪೂರ್ತಿ ನಿಜವಲ್ಲ. ಓಡುವ ಎಂಜಿನ್ನಿನಲ್ಲಿ ಎಣ್ಣೆ ಹರಿಯುತ್ತಿರುತ್ತದೆ, ಶಾಖವು ತೇವವನ್ನು ಹೊರಗಟ್ಟುತ್ತಿರುತ್ತದೆ. ನಿಂತ ಎಂಜಿನ್ನಿನಲ್ಲಿ ಎಣ್ಣೆ ಕೆಳಗಿಳಿದು ಲೋಹ ಬರಿದಾಗುತ್ತದೆ, ನೀರು ನಿಂತಲ್ಲಿಯೇ ನಿಲ್ಲುತ್ತದೆ, ತುಕ್ಕು ಯಾರ ಅಡ್ಡಿಯೂ ಇಲ್ಲದೆ ತನ್ನ ಕೆಲಸ ಮಾಡುತ್ತದೆ. ಆಗಸ್ಟ್ ಮೊದಲ ವಾರದಲ್ಲಿ ನಡುಕಡಲಿನಲ್ಲಿ ಕೈಕೊಡುವ ಎಂಜಿನ್ನಿನ ರೋಗವು ಅನೇಕ ವೇಳೆ ಜೂನ್ ಮೊದಲ ವಾರದಲ್ಲಿಯೇ ಅಂಟಿಕೊಂಡಿರುತ್ತದೆ.

ಶೀತಪ್ರದೇಶಗಳಲ್ಲಿ ಈ ಮಾತು ಇನ್ನೂ ಕಠೋರವಾದ ಸತ್ಯ. ನೀರಿನ ಮೇಲೆ ಹಲಗೆ ಕಟ್ಟಿಕೊಂಡು ಜಾರುವ ವಾಟರ್ ಸ್ಕೀ ಆಟವನ್ನು ರಾಲ್ಫ್ ಸ್ಯಾಮುಯೆಲ್ಸನ್ ಎಂಬ ತರುಣ 1922ರಲ್ಲಿ ಅಮೆರಿಕದ ಮಿನೆಸೋಟದ ಪೆಪಿನ್ ಸರೋವರದಲ್ಲಿ ಆಡಿ ತೋರಿಸಿದನು. ಬೇಸಿಗೆಯಲ್ಲಿ ಆಟಕ್ಕೆ ಒದಗುವ ಅಲ್ಲಿನ ಸರೋವರಗಳು ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತವೆ. ಆಟಗಾರನನ್ನು ಎಳೆಯುವ ಸ್ಕೀ ದೋಣಿಗಳಲ್ಲಿ ಎಂಜಿನ್ ಹಿಂಬದಿಗೆ ತೂಗುಹಾಕಿದ್ದಲ್ಲ, ದೋಣಿಯ ಹೊಟ್ಟೆಯೊಳಗೇ ಕೂರಿಸಿದ್ದು. ಅದು ಸರೋವರದ ನೀರನ್ನೇ ಹೀರಿ ತನ್ನನ್ನು ತಂಪಾಗಿಸಿಕೊಳ್ಳುತ್ತದೆ. ಆ ನೀರಿನಲ್ಲಿ ಒಂದಿಷ್ಟು ಒಳಗೇ ಉಳಿದರೆ ಹಿಮಗಾಲದಲ್ಲಿ ಮಂಜುಗಡ್ಡೆಯಾಗುತ್ತದೆ. ನೀರು ಗಡ್ಡೆಯಾಗುವಾಗ ಅದರ ಗಾತ್ರ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಆ ಹಿಗ್ಗುವಿಕೆಯ ಬಲಕ್ಕೆ ಎರಕದ ಕಬ್ಬಿಣದ ಎಂಜಿನ್ ಬ್ಲಾಕ್ ಬಿರುಕು ಬಿಡುತ್ತದೆ. ಒಂದು ರಾತ್ರಿಯ ಚಳಿಗೆ ಇಡೀ ಎಂಜಿನ್ ಗುಜರಿಗೆ ಹೋಗಬಹುದು. ಆದುದರಿಂದ ಅಲ್ಲಿನವರು ಚಳಿಗೆ ಮೊದಲೇ ಬ್ಲಾಕಿನ ಮತ್ತು ಎಗ್ಸಾಸ್ಟ್ ಮ್ಯಾನಿಫೋಲ್ಡಿನ ಪ್ಲಗ್ಗುಗಳನ್ನು ಬಿಚ್ಚಿ ನೀರನ್ನು ಇಳಿಸುತ್ತಾರೆ. ರಂಧ್ರದಲ್ಲಿ ಮರಳು ಕಟ್ಟಿದ್ದರೆ ತಂತಿ ತೂರಿಸಿ ಬಿಡಿಸುತ್ತಾರೆ. ಹೆಪ್ಪುಗಟ್ಟದ ದ್ರವವನ್ನು ಒಳಗೆ ಹರಿಸುತ್ತಾರೆ, ಸಿಲಿಂಡರುಗಳೊಳಗೆ ಎಣ್ಣೆಯ ಮಂಜನ್ನು ಸಿಂಪಡಿಸುತ್ತಾರೆ.

ಗೋವೆಯಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ. ಆದರೆ ಇಲ್ಲಿನ ನೀರಿಗೆ ಬೇರೆ ಹಲ್ಲುಗಳಿವೆ. ಒಂದು ಕಿಲೋ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ವರ್ಷದ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುವ ಈ ನೆಲದಲ್ಲಿ ಗಾಳಿ ಸಹ ಒದ್ದೆಯಾಗಿರುತ್ತದೆ. ಉಪ್ಪು ತೇವವನ್ನು ಹೀರಿ ಹಿಡಿದಿಡುತ್ತದೆ. ತೇವವು ಉಪ್ಪಿನ ಮೂಲಕ ಲೋಹವನ್ನು ತಿನ್ನುತ್ತದೆ. ಹಿಮದ ಹಾನಿ ಒಂದೇ ರಾತ್ರಿಯಲ್ಲಿ ಕಣ್ಣಿಗೆ ಬೀಳುತ್ತದೆ, ಉಪ್ಪಿನ ಹಾನಿ ಎರಡು ತಿಂಗಳು ಮುಚ್ಚಿಕೊಂಡಿರುತ್ತದೆ. ಆದರೆ ಎರಡಕ್ಕೂ ಮದ್ದಿನ ಸೂತ್ರ ಒಂದೇ: ನೀರು ಹೊರಗೆ, ಎಣ್ಣೆ ಒಳಗೆ, ಗಾಳಿಗೆ ತಡೆ.

ಮೊದಲನೆಯ ಕೆಲಸ ಎಣ್ಣೆ ಬದಲಿಸುವುದು. ಹೇಗೂ ಎರಡು ತಿಂಗಳು ನಿಲ್ಲುವ ಎಂಜಿನ್, ಹೊಸ ಎಣ್ಣೆಯನ್ನು ಆಗಸ್ಟಿನಲ್ಲಿ ಹಾಕಿದರಾಯಿತು ಎಂದು ಹಣ ಉಳಿಸಲು ಹೊರಡುವವರು ಅಲ್ಲಿಯೇ ಎಡವುತ್ತಾರೆ. ದುಡಿದ ಎಣ್ಣೆಯಲ್ಲಿ ಮಸಿ, ತೇವ ಮತ್ತು ಇಂಧನ ಉರಿದು ಹುಟ್ಟಿದ ಆಮ್ಲಗಳಿರುತ್ತವೆ. ಅದನ್ನು ಒಳಗೇ ಬಿಟ್ಟರೆ 61 ದಿನವೂ ಬೇರಿಂಗುಗಳು ಆ ಆಮ್ಲದ ಸಂಗದಲ್ಲಿಯೇ ಕಳೆಯಬೇಕಾಗುತ್ತದೆ. ಆದುದರಿಂದ ಎಣ್ಣೆಯನ್ನು ವಿಶ್ರಾಂತಿಯ ಮೊದಲೇ ಬದಲಿಸಬೇಕು. ಎಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸಿ, ಬೆಚ್ಚಗಿರುವಾಗಲೇ ಹಳೆಯ ಎಣ್ಣೆ ಇಳಿಸಿದರೆ ತಳದ ಕಸವೂ ಅದರೊಡನೆ ಬರುತ್ತದೆ. ಫಿಲ್ಟರ್ ಬದಲಿಸಿ, ಹೊಸ ಎಣ್ಣೆ ತುಂಬಿ, ಅದು ಎಲ್ಲ ಸಂದುಗಳನ್ನೂ ತಲುಪುವಂತೆ ಕೆಲವು ನಿಮಿಷ ಓಡಿಸಬೇಕು. ಗೇರ್ ಬಾಕ್ಸಿನ ಎಣ್ಣೆಯನ್ನೂ ಇದೇ ವೇಳೆ ನೋಡಬೇಕು. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ನೀರು ಸೇರಿದೆ ಎಂದರ್ಥ. ಎಣ್ಣೆ ಬದಲಿಸಿದರೆ ಸಾಲದು, ನೀರು ಬಂದ ದಾರಿಯನ್ನು ಹುಡುಕಬೇಕು. ಇಳಿಸಿದ ಎಣ್ಣೆಯನ್ನು ನದಿಗೆ ಸುರಿಯುವುದು ಅಪರಾಧ. ಎಂಜಿನ್ನಿನ ಅನ್ನದಾತನೇ ಆದ ಮೀನಿಗೂ ಅದು ವಿಷ.

ಎರಡನೆಯದು ಉಪ್ಪು ನೀರಿನ ದಾರಿಯನ್ನು ಸಿಹಿನೀರಿನಿಂದ ತೊಳೆಯುವುದು. ಇಲ್ಲಿ ಕ್ರಮ ತಪ್ಪಿದರೆ ದೋಣಿಯೇ ಮುಳುಗೀತು. ದೋಣಿ ನೀರಿನಲ್ಲಿ ತೇಲುತ್ತಿರುವಾಗ, ತಳದಿಂದ ನೀರು ತರುವ ಕವಾಟವನ್ನು ಮೊದಲು ಮುಚ್ಚಬೇಕು. ಆಮೇಲೆಯೇ ಅದರ ಹೋಸ್ ಬಿಚ್ಚಬೇಕು. ಬಿಚ್ಚಿದ ಹೋಸಿನ ತುದಿಯನ್ನು ಸಿಹಿನೀರಿನ ಡ್ರಮ್ಮಿನಲ್ಲಿ ಮುಳುಗಿಸಿ ಎಂಜಿನ್ ಓಡಿಸಿದರೆ, ಪಂಪು ತನಗೆ ಬೇಕಾದಷ್ಟನ್ನು ತಾನೇ ಹೀರಿಕೊಳ್ಳುತ್ತದೆ. ಡ್ರಮ್ಮು ಬರಿದಾಗುವ ಮೊದಲೇ ಎಂಜಿನ್ ನಿಲ್ಲಿಸಬೇಕು. ನಲ್ಲಿಯ ಒತ್ತಡದ ನೀರನ್ನು ನಿಂತ ಎಂಜಿನ್ನಿಗೆ ನೇರವಾಗಿ ಬಿಡುವುದು ಅಪಾಯಕಾರಿ. ಹೊಗೆಯ ಕೊಳವೆಯಲ್ಲಿ ನೀರು ಬೆರೆಯುವಂಥ ಎಂಜಿನ್ನುಗಳಲ್ಲಿ ಆ ನೀರು ಹಿಂದಕ್ಕೆ ಏರಿ ಸಿಲಿಂಡರನ್ನೇ ಹೊಕ್ಕೀತು. ಮುಚ್ಚಿದ ಕವಾಟದ ನೆನಪಿಗಾಗಿ ಸ್ಟಾರ್ಟರ್ ಕೀಲಿಗೆ ಒಂದು ಕೆಂಪು ಬಟ್ಟೆಯ ತುಂಡನ್ನು ಕಟ್ಟಿಡುವುದು ಒಳ್ಳೆಯ ರೂಢಿ. ಕವಾಟ ತೆರೆಯದೆ ಆ ಬಟ್ಟೆಯನ್ನು ಬಿಚ್ಚಬಾರದು.

ನೀರಿನ ಪಂಪಿನೊಳಗೆ ರಬ್ಬರಿನ ಎಸಳುಗಳುಳ್ಳ ಪುಟ್ಟ ಚಕ್ರವಿರುತ್ತದೆ. ಅದರ ಹೆಸರು ಇಂಪೆಲ್ಲರ್. ತನ್ನನ್ನು ದಾಟುವ ನೀರೇ ಅದಕ್ಕೆ ಎಣ್ಣೆ. ಒಣಗಿದ ಪಂಪು ಓಡಿದರೆ ನಿಮಿಷದೊಳಗೇ ಎಸಳುಗಳು ಸುಟ್ಟು ಹರಿಯಬಹುದು. ತಿಂಗಳುಗಟ್ಟಲೆ ನಿಂತರೆ ಬಾಗಿದ ಎಸಳುಗಳು ಬಾಗಿದಂತೆಯೇ ಗಡುಸಾಗುತ್ತವೆ. ಆದುದರಿಂದ ಅದನ್ನು ಹೊರತೆಗೆದು, ಬಿರುಕು ಬಿಟ್ಟಿದೆಯೇ ಎಂದು ನೋಡಿ, ಬೇರೆಯಾಗಿ ಇಡುವುದು ಉತ್ತಮ. ಒಂದು ಎಸಳು ಕಾಣೆಯಾಗಿದ್ದರೆ ಹೊಸದನ್ನು ಹಾಕಿ ಸುಮ್ಮನಾಗುವಂತಿಲ್ಲ. ಕಳೆದ ತುಂಡು ಮುಂದಿನ ಕೊಳವೆಯಲ್ಲಿಯೋ ಶಾಖ ಬದಲಿಸುವ ಪೆಟ್ಟಿಗೆಯಲ್ಲಿಯೋ ಸಿಕ್ಕಿಕೊಂಡಿರುತ್ತದೆ; ಆಗಸ್ಟಿನಲ್ಲಿ ಎಂಜಿನ್ ಕಾದು ಕೆಂಡವಾಗಲು ಅದೊಂದೇ ಸಾಕು.

ಹಲವು ಎಂಜಿನ್ನುಗಳಲ್ಲಿ ಕಡಲ ನೀರು ಬ್ಲಾಕನ್ನು ಮುಟ್ಟುವುದಿಲ್ಲ. ಒಳಗೆ ಬೇರೊಂದು ಸಿಹಿನೀರು ಸುತ್ತುತ್ತಿರುತ್ತದೆ. ಇಲ್ಲಿ ಹಿಮವಿಲ್ಲವೆಂದು ಬರಿ ನಲ್ಲಿಯ ನೀರು ತುಂಬುವುದು ತಪ್ಪು. ಕೂಲಂಟಿನಲ್ಲಿ ಹಿಮವನ್ನು ತಡೆಯುವ ಗುಣದೊಡನೆ ತುಕ್ಕನ್ನು ತಡೆಯುವ ಔಷಧವೂ ಇರುತ್ತದೆ. ಗೋವೆಗೆ ಬೇಕಾದುದು ಆ ಎರಡನೆಯದು. ಎಂಜಿನ್ನಿನಲ್ಲಿಯೂ ದೋಣಿಯ ತಳದಲ್ಲಿಯೂ ಸತುವಿನ ತುಂಡುಗಳನ್ನು ಕೂರಿಸಿರುತ್ತಾರೆ. ಉಪ್ಪು ನೀರಿನಲ್ಲಿ ಎರಡು ಬಗೆಯ ಲೋಹಗಳು ಜೊತೆಯಾದರೆ ಅದೊಂದು ಬ್ಯಾಟರಿಯಂತಾಗಿ, ದುರ್ಬಲ ಲೋಹ ಕರಗತೊಡಗುತ್ತದೆ. ಕಂಚಿನ ಪ್ರೊಪೆಲ್ಲರನ್ನೂ ಉಕ್ಕಿನ ಶಾಫ್ಟನ್ನೂ ಉಳಿಸಲು ಸತು ತಾನು ಮೊದಲು ಕರಗುತ್ತದೆ. ಅರ್ಧ ಸವೆದ ಸತುವನ್ನು ಬದಲಿಸಬೇಕು. ಅದಕ್ಕೆ ಬಣ್ಣ ಬಳಿಯಬಾರದು. ಬಳಿದರೆ ಅದರ ಕೆಲಸವೇ ನಿಂತುಹೋಗುತ್ತದೆ.

ಇಂಧನದ ತೊಟ್ಟಿಯ ಶತ್ರುವೂ ನೀರೇ. ಅರ್ಧ ಖಾಲಿ ತೊಟ್ಟಿಯ ಗಾಳಿಯಲ್ಲಿನ ತೇವವು ತಂಪಾದಾಗ ಹನಿಗಟ್ಟಿ, ಡೀಸೆಲ್ಲಿಗಿಂತ ಭಾರವಾದುದರಿಂದ ತಳ ಸೇರುತ್ತದೆ. ನೀರು ಮತ್ತು ಡೀಸೆಲ್ ಕೂಡುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆಗಟ್ಟುತ್ತವೆ. ಆ ಲೋಳೆಯೇ ಮುಂದೆ ಫಿಲ್ಟರನ್ನು ಕಟ್ಟಿಹಾಕುತ್ತದೆ. ಆದುದರಿಂದ ಡೀಸೆಲ್ ತೊಟ್ಟಿಯನ್ನು ಬಹುತೇಕ ತುಂಬಿ ನಿಲ್ಲಿಸುವುದು, ನೀರು ಬೇರ್ಪಡಿಸುವ ಬಟ್ಟಲನ್ನು ಬರಿದು ಮಾಡುವುದು ಲೇಸು. ಪೆಟ್ರೋಲ್ ಎಂಜಿನ್ನಿನ ದೋಣಿಗಳಿಗೆ ಇನ್ನೊಂದು ಎಚ್ಚರ ಬೇಕು. ಇಂದಿನ ಪೆಟ್ರೋಲಿನಲ್ಲಿ ಬೆರೆತಿರುವ ಎಥನಾಲ್ ತೇವವನ್ನು ಹೀರುತ್ತದೆ. ಹೀರಿದ್ದು ಮಿತಿ ಮೀರಿದಾಗ ನೀರು ಮತ್ತು ಎಥನಾಲ್ ಕೂಡಿ ತಳಕ್ಕಿಳಿಯುತ್ತವೆ. ಮಳೆಗಾಲವೆಲ್ಲ ಮೂಲೆಯಲ್ಲಿ ನಿಂತ ಮೋಟರ್ ಸೈಕಲ್ ಶ್ರಾವಣದಲ್ಲಿ ಮೊಂಡುಬೀಳುವುದಕ್ಕೆ ಹಳಸಿದ ಪೆಟ್ರೋಲ್ ಸಹ ಒಂದು ಕಾರಣ.

ಕೊನೆಯದಾಗಿ, ಎಂಜಿನ್ ಪೂರ್ತಿ ಆರಿದ ಮೇಲೆ ಗಾಳಿ ಒಳಹೋಗುವ ಬಾಯನ್ನೂ ಹೊಗೆ ಹೊರಬರುವ ಬಾಯನ್ನೂ ಎಣ್ಣೆ ಸವರಿದ ಬಟ್ಟೆಯಿಂದ ಮುಚ್ಚಿ, ಮುಚ್ಚಿದ ಗುರುತನ್ನು ಕಾಣುವಂತೆ ಕಟ್ಟಬೇಕು. ಬ್ಯಾಟರಿಯ ವಿಷಯದಲ್ಲಿ ಮಾತ್ರ ಪುಸ್ತಕದ ಮಾತು ಮತ್ತು ಧಕ್ಕೆಯ ಅನುಭವ ಬೇರೆಬೇರೆಯಾಗುತ್ತವೆ. ಶೀತದೇಶದ ಕೈಪಿಡಿಗಳು ಬ್ಯಾಟರಿಯನ್ನು ಬಿಚ್ಚಿ ಮನೆಗೆ ಒಯ್ಯಿರಿ ಎನ್ನುತ್ತವೆ. ಅಲ್ಲಿ ದೋಣಿಯನ್ನು ದಡಕ್ಕೆ ಏರಿಸಿರುತ್ತಾರೆ. ಮುಂಗಾರಿನಲ್ಲಿ ನದಿಯಲ್ಲಿಯೇ ತೇಲುವ ಟ್ರಾಲರಿನ ತಳದಲ್ಲಿ ಮಳೆಯ ನೀರೂ ಶಾಫ್ಟಿನ ಗ್ಲ್ಯಾಂಡಿನಿಂದ ಜಿನುಗುವ ನೀರೂ ಶೇಖರವಾಗುತ್ತವೆ. ಅದನ್ನು ಎತ್ತುವ ಪಂಪಿಗೆ ಬ್ಯಾಟರಿ ಬೇಕು. ಆದುದರಿಂದ ತೇಲುವ ದೋಣಿಯಲ್ಲಿ ಒಂದು ಬ್ಯಾಟರಿಯನ್ನು ಉಳಿಸಿ, ಆಗಾಗ ಚಾರ್ಜು ಮಾಡುತ್ತ, ಕೈಪಂಪನ್ನೂ ಸಿದ್ಧವಾಗಿಟ್ಟು, ಜೋರು ಮಳೆಯ ಮರುದಿನ ತಪ್ಪದೆ ಹೋಗಿ ನೋಡಬೇಕು. ನಿಂತಲ್ಲಿಯೇ ದೋಣಿ ಮುಳುಗಲು ಬಿರುಗಾಳಿ ಬೇಕಿಲ್ಲ, ನಾಲ್ಕು ದಿನದ ಅಲಕ್ಷ್ಯ ಸಾಕು.

ಯಂತ್ರಕ್ಕಿಂತ ಮುಖ್ಯವಾದದ್ದು ಅದರ ಬಳಿ ಬಗ್ಗಿ ಕೆಲಸ ಮಾಡುವವನ ಪ್ರಾಣ. ಮುಚ್ಚಿದ ಎಂಜಿನ್ ಕೋಣೆಯಲ್ಲಿ ಓಡುವ ಎಂಜಿನ್ನಿನ ಹೊಗೆಯೊಡನೆ ಇಂಗಾಲದ ಮಾನಾಕ್ಸೈಡ್ ಸೇರಿರುತ್ತದೆ. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ದೋಣಿಯ ತಳದಲ್ಲಿ ಕುಳಿತು ಒಂದು ಕಿಡಿಗಾಗಿ ಕಾಯುತ್ತಿರುತ್ತದೆ. ಬಹಳ ದಿನ ಮುಚ್ಚಿದ್ದ ಮೀನಿನ ಕೋಣೆಯಲ್ಲಿ ಕೊಳೆತ ಅವಶೇಷಗಳು ಆಮ್ಲಜನಕವನ್ನು ಕಬಳಿಸಿ ವಿಷಾನಿಲವನ್ನು ಹುಟ್ಟಿಸಬಲ್ಲವು. ಒಬ್ಬನು ಕುಸಿದನೆಂದು ಇನ್ನೊಬ್ಬನು ಹಾಗೆಯೇ ಇಳಿದರೆ ಎರಡು ಮನೆಗಳ ದೀಪ ಆರುತ್ತದೆ. ಮುಚ್ಚಳ ತೆರೆದು ಗಾಳಿಯಾಡಲು ಬಿಡುವುದು, ಮೇಲೊಬ್ಬನನ್ನು ನಿಲ್ಲಿಸದೆ ಕೆಳಗಿಳಿಯದಿರುವುದು, ಬ್ಯಾಟರಿಯ ತಂತಿ ಬಿಚ್ಚುವಾಗ ಮೊದಲು ಋಣದ ತಂತಿಯನ್ನು ಬಿಚ್ಚುವುದು, ಇವು ಪುಕ್ಕಲುತನವಲ್ಲ, ಕಸುಬಿನ ಶಿಸ್ತು.

ಇಷ್ಟೆಲ್ಲ ಮಾಡಿದವನು ಕೊನೆಗೆ ಮಾಡಬೇಕಾದ, ಆದರೆ ಬಹುಮಂದಿ ಮಾಡದ ಕೆಲಸವೊಂದಿದೆ: ಬರೆದಿಡುವುದು. ಮಕ್ಕಳ ಇನ್ನೂರು ಪುಟದ ನೋಟುಪುಸ್ತಕ ಇದಕ್ಕೆ ಸಾಕು. ದಿನಾಂಕ, ದೋಣಿಯ ನೋಂದಣಿ ಸಂಖ್ಯೆ, ಎಂಜಿನ್ ಓಡಿದ ಗಂಟೆಗಳು, ಬದಲಿಸಿದ ಎಣ್ಣೆ, ಫಿಲ್ಟರ್, ಇಂಪೆಲ್ಲರ್, ಸತು, ಮುಚ್ಚಿದ ಕವಾಟಗಳು, ಬಾಕಿಯುಳಿದ ಕೆಲಸ, ಕೆಲಸ ಮಾಡಿದವರ ಹೆಸರು, ಅಂದಿನ ಕೂಲಿ, ಮಾಲೀಕರ ಅಥವಾ ತಾಂಡೇಲನ ಸಹಿ. ಇದನ್ನು ಕನ್ನಡದಲ್ಲಿಯೇ ಬರೆಯಬಹುದು. ದಾಖಲೆಯ ಬೆಲೆ ಅದರ ಭಾಷೆಯಿಂದ ಬರುವುದಿಲ್ಲ. ಅದು ಆ ಹೊತ್ತಿನಲ್ಲಿಯೇ, ನಿಜವಾಗಿ, ಕ್ರಮವಾಗಿ ಬರೆದುದೇ ಎಂಬುದರಿಂದ ಬರುತ್ತದೆ. ನ್ಯಾಯಾಲಯಕ್ಕೆ ಬೇಕಾದಾಗ ಅನುವಾದ ಮಾಡಿಸಬಹುದು, ಬರೆಯದೇ ಇದ್ದುದನ್ನು ಅನುವಾದಿಸಲಾಗದು.

ಈ ಪುಸ್ತಕ ಮೂರು ಕಡೆ ಸಾಕ್ಷಿ ನುಡಿಯುತ್ತದೆ. ಎಂಜಿನ್ ಕೆಟ್ಟಾಗ ಅದಕ್ಕೆ ಕಾರಣ ಮೆಕ್ಯಾನಿಕನೇ ಎಂಬ ಮಾತು ಬಂದರೆ, ಏನು ಮಾಡಿದ್ದ, ಏನನ್ನು ಬಾಕಿಯೆಂದು ತಿಳಿಸಿದ್ದ ಎಂಬುದು ಅದರಲ್ಲಿರುತ್ತದೆ. ಎರಡನೆಯದು ವಿಮೆ. 1963ರ ಸಾಗರ ವಿಮಾ ಕಾಯ್ದೆಯ ಪ್ರಕಾರ, ನಿಗದಿತ ಅವಧಿಯ ವಿಮೆಯಲ್ಲಿ, ನೌಕೆಯು ಯಾನಕ್ಕೆ ಯೋಗ್ಯವಾಗಿಲ್ಲವೆಂದು ತಿಳಿದಿದ್ದೂ ಮಾಲೀಕನು ಅದನ್ನು ಕಡಲಿಗೆ ಕಳಿಸಿದರೆ, ಆ ಅಯೋಗ್ಯತೆಯಿಂದ ಉಂಟಾದ ನಷ್ಟಕ್ಕೆ ವಿಮಾ ಸಂಸ್ಥೆ ಹೊಣೆಯಾಗುವುದಿಲ್ಲ. ಆರೈಕೆಯ ದಾಖಲೆ ಇದ್ದರೆ ಮಾಲೀಕನಿಗೂ ಅದೇ ರಕ್ಷಣೆ. ಆದುದರಿಂದ ಸಹಿ ಹಾಕಲು ಅವನಿಗೆ ಸಂಕೋಚವಿರಬೇಕಾಗಿಲ್ಲ.

ಮೂರನೆಯದೇ ಮೋತಿ ಡೊಂಗರ್‌ನಂಥ ಬಡಾವಣೆಗಳಿಗೆ ಹೆಚ್ಚು ಮುಖ್ಯವಾದದ್ದು. ಕೆಲಸದ ವೇಳೆ, ಕೆಲಸದ ಕಾರಣದಿಂದ ಕಾರ್ಮಿಕನಿಗೆ ಅಪಘಾತವಾದರೆ, ತಪ್ಪು ಮಾಲೀಕನದೆಂದು ಸಾಬೀತುಪಡಿಸದೆಯೂ ಪರಿಹಾರ ಕೇಳಬಹುದೆಂಬ ತತ್ತ್ವವನ್ನು 1923ರ ಕಾಯ್ದೆಯು ಈ ದೇಶಕ್ಕೆ ತಂದಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಆ ತತ್ತ್ವ ಮುಂದುವರಿದಿದೆ. ನೇಮಕದ ಪತ್ರವಿಲ್ಲವೆಂಬ ಒಂದೇ ಕಾರಣದಿಂದ ಹಕ್ಕು ಅಳಿಯುವುದಿಲ್ಲ. ಆದರೆ ಅಂದು ಆ ದೋಣಿಯಲ್ಲಿ ಆತ ಕೂಲಿಗೆ ಇದ್ದನೇ ಎಂಬ ಪ್ರಶ್ನೆಗೆ ಉತ್ತರ ಬೇಕಾಗುತ್ತದೆ. ಬಾಯಿಮಾತಿನ ಕೂಲಿಗೆ ಹೋದವನ ಮನೆಯವರು ಸೋಲುವುದು ಅನೇಕ ವೇಳೆ ಕಾನೂನಿನಲ್ಲಲ್ಲ, ಆ ಒಂದು ಪ್ರಶ್ನೆಯಲ್ಲಿ. ಸಹಿಯುಳ್ಳ ಒಂದು ಪುಟ ಅಲ್ಲಿ ಮಾತಾಡುತ್ತದೆ. ಅಪಘಾತವಾದ ಕೂಡಲೇ ಮಾಲೀಕರಿಗೆ ಬರಹದಲ್ಲಿ ತಿಳಿಸುವುದು, ಆಸ್ಪತ್ರೆಯಲ್ಲಿ ಗಾಯದ ಕಾರಣವನ್ನು ಇದ್ದಂತೆ ಹೇಳಿ ಬರೆಯಿಸುವುದು, ಊರಿಗೆ ಹೋಗಿ ಬಂದು ನೋಡೋಣವೆಂದು ತಡಮಾಡದಿರುವುದು ಅಗತ್ಯ. ಕುಡಿದು ಕೆಲಸಕ್ಕೆ ಇಳಿದದ್ದರಿಂದಲೇ ಗಾಯವಾದರೆ ಹಕ್ಕು ದುರ್ಬಲವಾಗುತ್ತದೆ ಎಂಬುದನ್ನೂ ಮರೆಯಬಾರದು.

ಪಾಲಕರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಧಕ್ಕೆಯ ಈ ಕೆಲಸದಲ್ಲಿ ಕೈ ಸಣ್ಣದಿದ್ದರೆ ಅನುಕೂಲವೆಂದು ಹುಡುಗರನ್ನು ಕರೆಯುವ ಮನಸ್ಸು ಕೆಲವರಿಗೆ ಬಂದೀತು. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿಯ ಪ್ರಕಾರ, 14 ವರ್ಷ ತುಂಬದ ಮಕ್ಕಳನ್ನು ಕೂಲಿಗೆ ಇಟ್ಟುಕೊಳ್ಳುವಂತಿಲ್ಲ. 14ರಿಂದ 18ರ ನಡುವಿನವರನ್ನು ಅಪಾಯಕಾರಿ ಕೆಲಸಗಳಿಗೆ ಹಚ್ಚುವಂತಿಲ್ಲ. ಹುಡುಗನಿಗೆ ಯಂತ್ರದ ಮೇಲೆ ಆಸೆಯಿದ್ದರೆ ಆ ಆಸೆಗೆ ಸರಿಯಾದ ದಾರಿಗಳಿವೆ. ಹತ್ತನೆಯ ತರಗತಿಯ ನಂತರ ಐಟಿಐಗಳಲ್ಲಿ ಡೀಸೆಲ್ ಮೆಕ್ಯಾನಿಕ್ ಶಿಕ್ಷಣ ಒಂದು ವರ್ಷದ್ದು. ಕೊಚ್ಚಿಯಲ್ಲಿ 1963ರಲ್ಲಿ ಆರಂಭವಾದ ಸಿಫ್ನೆಟ್ ಎಂಬ ಕೇಂದ್ರ ಸರ್ಕಾರದ ಸಂಸ್ಥೆಯು ದೋಣಿಯ ಎಂಜಿನ್ನುಗಳಿಗೇ ಮೀಸಲಾದ ಮರೀನ್ ಫಿಟ್ಟರ್ ಶಿಕ್ಷಣವನ್ನು ಎರಡು ವರ್ಷ ನೀಡುತ್ತದೆ. ನೀರು ಹೆಪ್ಪುಗಟ್ಟಿದಾಗ ಹಿಗ್ಗುವುದೇಕೆ, ಸತು ಕಂಚಿಗಿಂತ ಮೊದಲು ಕರಗುವುದೇಕೆ ಎಂಬುದನ್ನು ಕನ್ನಡ ಶಾಲೆಯ ವಿಜ್ಞಾನ ಪಾಠದಲ್ಲಿ ಅರ್ಥಮಾಡಿಕೊಂಡ ಮಗುವು ಅಲ್ಲಿ ಹಿಂದೆ ಬೀಳಬೇಕಾಗಿಲ್ಲ. ಅಪ್ಪನು ಹೇಳಿದ ಕೆಲಸದ ವಿವರವನ್ನು ನೋಟುಪುಸ್ತಕದಲ್ಲಿ ಅಂದವಾಗಿ ಬರೆದುಕೊಡುವ ಕೆಲಸವನ್ನು ಆ ಮಗು ಇಂದೇ, ಮನೆಯಲ್ಲಿಯೇ ಕುಳಿತು ಮಾಡಬಹುದು.

ಜುಲೈ ಕೊನೆಯ ವಾರದಲ್ಲಿ ಆ ಪುಸ್ತಕವನ್ನು ತೆರೆದು, ಬರೆದುದನ್ನು ಕೆಳಗಿನಿಂದ ಮೇಲಕ್ಕೆ ಓದುತ್ತ ಹೋದರೆ ಎಂಜಿನ್ನನ್ನು ಎಚ್ಚರಿಸುವ ಕ್ರಮ ದೊರೆಯುತ್ತದೆ. ಬಾಯಿಗಳಿಗೆ ಇಟ್ಟ ಬಟ್ಟೆ ತೆಗೆಯುವುದು, ತೊಟ್ಟಿಯ ತಳದ ನೀರನ್ನು ಇಳಿಸುವುದು, ಇಂಪೆಲ್ಲರ್ ಕೂರಿಸುವುದು, ಎಣ್ಣೆ ಮತ್ತು ಕೂಲಂಟಿನ ಮಟ್ಟ ನೋಡುವುದು, ಕವಾಟ ತೆರೆಯುವುದು, ಕೋಣೆಗೆ ಗಾಳಿಯಾಡಿಸುವುದು, ಆಮೇಲೆ ಕೀಲಿಗೆ ಕಟ್ಟಿದ ಕೆಂಪು ಬಟ್ಟೆ ಬಿಚ್ಚುವುದು. ಎಂಜಿನ್ ಹಿಡಿದೊಡನೆ ಎಣ್ಣೆಯ ಒತ್ತಡದ ಮುಳ್ಳು ಏರಿತೇ, ಹೊರಗಿನ ಕೊಳವೆಯಲ್ಲಿ ನೀರು ಬಂದಿತೇ ಎಂಬ ಎರಡನ್ನು ನೋಡಿದ ಬಳಿಕವೇ ಹಗ್ಗ ಬಿಡಿಸಬೇಕು. ದಡದಲ್ಲಿ ಕಳೆದ ಆ ಹತ್ತು ನಿಮಿಷದ ಫಲವನ್ನು ಕಡಲಿನಲ್ಲಿರುವವರೂ ಮನೆಯಲ್ಲಿ ಕಾಯುವವರೂ ಸಮವಾಗಿ ಉಣ್ಣುತ್ತಾರೆ.